ಪೆನ್ಸಿಲ್ ಗೀಚಿದಾಗ ಮೂಡಿದ ನಂಬರು

ಬಾಗಿಲು ತೆಗೆಯುವ ಮುಂಚೆ ನೀವು ಹಿಂದಕ್ಕೆ ಹೋಗಿ ಇಂಜಿನ್ ಮುಚ್ಚಳದ ಮೇಲೆ ಅಂಗೈ ಇಡುತ್ತೀರಿ. ತಣ್ಣಗಿದೆ. ಸದ್ಯ. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅರ್ಧ ಕಾಯಿಲೆ ಅದರಲ್ಲೇ ಮುಚ್ಚಿಹೋಗುತ್ತಿತ್ತು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಶನಿವಾರ ಬೆಳಿಗ್ಗೆ ಏಳೂವರೆ. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಗೆ ಕಿವಿ ಜುಮ್ಮೆನ್ನುತ್ತಿದೆ. ಗ್ಯಾರೇಜಿನ ಅಂಗಳದಲ್ಲಿ ನಿಂತಿರುವುದು ಬೆಳ್ಳಿ ಬಣ್ಣದ ಪೋರ್ಷೆ 911, 1999ರ ಮಾಡೆಲ್. ನೀರಿನಿಂದ ತಂಪಾಗುವ ಇಂಜಿನ್ ಹಾಕಿ ಹೊರಬಂದ ಮೊದಲ ತಲೆಮಾರಿನ 911 ಇದು. ಒಡೆದ ಮೊಟ್ಟೆಯಂಥ ಹೆಡ್‌ಲೈಟ್ ಎಂದು ಜನ ಗೇಲಿ ಮಾಡಿದ್ದೂ ಇದನ್ನೇ. ನಿಮಗೆ ಆ ಕಣ್ಣುಗಳೇ ಇಷ್ಟ. ಅದನ್ನು ಮುಖದಲ್ಲಿ ತೋರಿಸಿಕೊಳ್ಳಬಾರದು, ಅಷ್ಟೆ.

ಮಾರುವವರು ನಿವೃತ್ತರು, ಬಗಲಲ್ಲಿ ದಪ್ಪ ಫೈಲು. ಕೇಳುತ್ತಿರುವುದು 24,000 ಡಾಲರ್. ಮೀಟರಿನಲ್ಲಿ 78,000 ಮೈಲಿ. ‘ಇಂಜಿನ್ ಹೊಸದು, ನಾನು ಕೊಳ್ಳೋಕೆ ಮುಂಚೆಯೇ ಹಾಕಿಸಿದ್ದು’ ಎಂದು ಎರಡನೇ ಸಲ ಹೇಳುತ್ತಾರೆ.

ಜೊತೆಗೆ ಬಂದಿರುವ ಮಂಡ್ಯದ ಗೆಳೆಯ ನಿಮ್ಮ ಕಿವಿಯ ಹತ್ತಿರ ಬಾಗುತ್ತಾನೆ. “ಹೊಸದು ಅಂದ್ರೆ ಕಂಪನಿಯಿಂದ ಬಂದಿದ್ದಾ, ಗುಜರಿಯಿಂದ ಬಂದಿದ್ದಾ? ಅದನ್ನ ಕೇಳು ಮಗಾ.”

ನೀವು ಕೇಳುತ್ತೀರಿ. ಅವರು ಫೈಲು ತಿರುವುತ್ತಾರೆ. ಟೈರಿನ ಬಿಲ್ಲಿದೆ, ಬ್ರೇಕಿನದಿದೆ, 2011ರ ಬ್ಯಾಟರಿಯದೂ ಇದೆ. ಇಂಜಿನ್ನಿನ ಬಿಲ್ಲು ಇರಬೇಕಾದ ಕಡೆ ಖಾಲಿ ಪ್ಲಾಸ್ಟಿಕ್ ಹಾಳೆ.

ಸ್ಟೀರಿಂಗಿನ ಎಡಕ್ಕಿರುವ ಕೀಲಿ ತಿರುಗಿಸಿದಾಗ ಇಂಜಿನ್ ಒಮ್ಮೆ ಕೆಮ್ಮಿ ಎದ್ದುಕೊಳ್ಳುತ್ತದೆ. ಸದ್ದು ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ, ಬೆನ್ನುಮೂಳೆಯ ಬುಡಕ್ಕೆ ನಾಟುತ್ತದೆ. ಟಕಟಕ ಟಕಟಕ. ಎಣ್ಣೆ ಮೇಲೇರುವವರೆಗಿನ ಸಹಜ ಸದ್ದೋ, ಸಾವಿನ ಮುನ್ಸೂಚನೆಯೋ? ಉಸಿರು ಹಿಡಿದು ಎಣಿಸುತ್ತೀರಿ. ಒಂದು, ಎರಡು, ಮೂರು. ಸದ್ದು ಕರಗಿ ಹೋಗುತ್ತದೆ. ಅಂಗೈ ಮಾತ್ರ ಒದ್ದೆ.

ಈ ಹೆದರಿಕೆಗೆ ಕಾರಣ ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಬೇರಿಂಗು. ಇಂಜಿನ್ನಿನೊಳಗೆ ಕ್ಯಾಮ್‌ಗಳಿಗೆ ಚಾಲನೆ ಕೊಡುವ ನಡುವಿನ ಶಾಫ್ಟಿಗೆ ಅದು ಆಸರೆ. ಅದು ಪುಡಿಯಾದರೆ ಟೈಮಿಂಗ್ ತಪ್ಪುತ್ತದೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಮೊದಮೊದಲ ಕಾರುಗಳಲ್ಲಿದ್ದದ್ದು ಎರಡು ಸಾಲು ಗುಂಡುಗಳ ಬೇರಿಂಗು. 2000ದ ಮಾಡೆಲಿನ ಹೊತ್ತಿಗೆ ಒಂದೇ ಸಾಲಿನದು ಬರತೊಡಗಿತು. ಅಮೆರಿಕದಲ್ಲಿ ಇದರ ಮೇಲೆ ಮೊಕದ್ದಮೆ ನಡೆದು 2013ರಲ್ಲಿ ರಾಜಿಯಾಯಿತು. ಆಗಿನಿಂದ ಓಡಾಡುತ್ತಿರುವ ಅಂಕಿ ನಿಮಗೆ ಬಾಯಿಪಾಠ: ಎರಡು ಸಾಲಿನದು ಕೈಕೊಡುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಒಂದು ಸಾಲಿನದು ಸುಮಾರು ಎಂಟು.

ಆದ್ದರಿಂದಲೇ ಈ ಕಾರಿನ ಲೆಕ್ಕ ತಲೆಕೆಳಗು. 1973ರ ಕ್ಯಾರೆರಾ ಆರ್‌ಎಸ್‌ಗೆ ಹುಟ್ಟಿದಾಗಿನ ಇಂಜಿನ್ ಇಲ್ಲವೆಂದರೆ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ, ಬೆಲೆ ಧೊಪ್ಪನೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಕಂಪನಿಯದೇ ಬದಲಿ ಇಂಜಿನ್, ಜೊತೆಗೆ ಬಿಲ್ಲು ಇದ್ದರೆ ಕೊಳ್ಳುವವರು ಖುಷಿಯಾಗಿ ನಾಲ್ಕು ಕಾಸು ಹೆಚ್ಚೇ ಕೊಡುತ್ತಾರೆ. ಅಂಥ ಇಂಜಿನ್ನಿನ ನಂಬರಿನಲ್ಲಿ ಎ, ಟಿ ಎಂಬ ಎರಡು ಅಕ್ಷರ ಕೊರೆದಿರುತ್ತದೆ. ಜರ್ಮನ್ನಿನಲ್ಲಿ ‘ಬದಲಿ’ ಎಂಬ ಪದದ ಕಿರುರೂಪ.

ಮೆಕ್ಯಾನಿಕ್ ಕಾರನ್ನು ಲಿಫ್ಟಿಗೇರಿಸುತ್ತಾನೆ. ಫಿಲ್ಟರಿನ ಡಬ್ಬಿ ಬಿಚ್ಚಿದೊಡನೆ ಕಪ್ಪು ಎಣ್ಣೆ ಅವನ ಗ್ಲೌಸಿನ ಮೇಲಿಂದ ಇಳಿಯುತ್ತದೆ, ಸುಟ್ಟ ವಾಸನೆ ಗಂಟಲಿಗೆ ಅಂಟುತ್ತದೆ. ಫಿಲ್ಟರಿನ ಕಾಗದವನ್ನು ಚಾಕುವಿನಿಂದ ಕತ್ತರಿಸಿ, ಸೀರೆಯ ನೆರಿಗೆ ಬಿಡಿಸಿದ ಹಾಗೆ ಒಂದೊಂದಾಗಿ ಬಿಡಿಸುತ್ತಾನೆ. ಟಾರ್ಚ್ ಹಿಡಿದವರು ನೀವು. ಏನೋ ಮಿನುಗುತ್ತದೆ. ಎದೆ ಧಸಕ್ಕೆನ್ನುತ್ತದೆ. ಅವನು ಆಯಸ್ಕಾಂತ ತರುತ್ತಾನೆ. ಚೂರು ಕದಲುವುದಿಲ್ಲ. ಉಗುರಿನಿಂದ ಎತ್ತಿ ಬೆಳಕಿಗೆ ಹಿಡಿಯುತ್ತಾನೆ: ಪ್ಲಾಸ್ಟಿಕ್ಕು, ಸೀಲಿನ ಒಂದು ಚೂರು. ಉಕ್ಕಿನ ಪುಡಿ ಎಲ್ಲೂ ಇಲ್ಲ.

ಆಮೇಲೆ ಕಂಪ್ಯೂಟರ್ ಸಿಕ್ಕಿಸುತ್ತಾನೆ. ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಮಿತಿಮೀರಿ ತಿರುಗಿದೆ, ಎಲ್ಲ ಅದರಲ್ಲಿದೆ. ನೀವು ಓದಲು ಮುಂದಾಗುತ್ತೀರಿ, ಅವನು ತಲೆಯಾಡಿಸುತ್ತಾನೆ. ಈ ಲೆಕ್ಕದಲ್ಲಿ ತೆಗೆದು ಬಿಸಾಕಿದ ಇಂಜಿನ್ನಿನದೆಷ್ಟು, ಈಗಿನದೆಷ್ಟು? ಮೀಟರಿನ ಮೈಲಿಯೂ ಅಷ್ಟೆ, ಅದು ಚಾಸಿ ನಡೆದ ದಾರಿ. ಇಂಜಿನ್ ಎಷ್ಟು ದೂರದಿಂದ ಬಂತೋ ಮೀಟರಿಗೇನು ಗೊತ್ತು?

ಉಳಿದಿರುವುದು ನಂಬರೊಂದೇ. ಅದಿರುವುದು ಇಂಜಿನ್ನಿನ ತಳದಲ್ಲಿ, ಎಣ್ಣೆ ಸಂಪಿನ ಪಕ್ಕ, ಇಪ್ಪತ್ತು ವರ್ಷದ ಜಿಡ್ಡಿನ ಅಡಿಯಲ್ಲಿ. ಊರಿನಲ್ಲಿ ಇಷ್ಟು ಪತ್ತೇದಾರಿಕೆ ಬೇಕಿರಲಿಲ್ಲ. ಆರ್‌ಸಿಯಲ್ಲೇ ಇಂಜಿನ್ ನಂಬರ್ ಇರುತ್ತದೆ, ಬದಲಾಯಿಸಿದರೆ ಆರ್‌ಟಿಓದಲ್ಲಿ ಬರೆಸಲೇಬೇಕು. ಇಲ್ಲಿನ ಕಾರಿನ ಕಾಗದ ಗುರುತಿಸುವುದು ಚಾಸಿಯನ್ನು ಮಾತ್ರ. ಬಟ್ಟೆಯಿಂದ ಎಷ್ಟು ಉಜ್ಜಿದರೂ ಅಕ್ಷರ ಕಾಣುತ್ತಿಲ್ಲ.

“ಪೆನ್ಸಿಲ್ ಇದ್ಯಾ?” ಗೆಳೆಯ ಕೇಳುತ್ತಾನೆ. “ಆರ್‌ಎಕ್ಸ್ 100ಗೆ ಚಾಸಿ ಪ್ರಿಂಟ್ ತೆಗೀತಿರ್ಲಿಲ್ವಾ, ಹಂಗೇ.”

ತೆಳು ಕಾಗದ ಒತ್ತಿ ಹಿಡಿಯುತ್ತೀರಿ. ಮೇಲಕ್ಕೆತ್ತಿದ ಕತ್ತು, ತೋಳು ನೋಯುತ್ತಿವೆ, ಎಣ್ಣೆಯ ಹನಿಯೊಂದು ಮುಂಗೈಗೆ ಬೀಳುತ್ತದೆ. ಗೆಳೆಯ ಗೀಚುತ್ತಾನೆ. ಬೂದು ಬಣ್ಣದ ನಡುವೆ ಬೆಳ್ಳಗೆ ಒಂದೊಂದೇ ಅಕ್ಷರ. ಎಂ. 96. ಓರೆಗೆರೆ. ಸರಿ, ಇದೇ ಜಾತಿಯ ಇಂಜಿನ್ನೇ. ಎ, ಟಿ? ಇಲ್ಲ. ಮತ್ತೆ ಗೀಚು. ಇಲ್ಲ. 66. ಮುಂದಿನದು ವರ್ಷದ ಅಕ್ಷರ, 1999ಕ್ಕೆ ಎಕ್ಸ್ ಇರಬೇಕು. ಮೂಡಿದ್ದು ವೈ.

2000ದ ಮಾಡೆಲ್. ಎಲ್ಲೋ ಗುದ್ದಿಸಿಕೊಂಡ ಇನ್ನೊಂದು ಕಾರಿನ ಹೃದಯ. ಬೇರಿಂಗು ಬದಲಾದದ್ದೂ ಅದೇ ವರ್ಷ: ಒಳಗಿರುವುದು ಎರಡು ಸಾಲಿನದೂ ಇರಬಹುದು, ಒಂದು ಸಾಲಿನದೂ ಇರಬಹುದು. ಗೇರ್‌ಬಾಕ್ಸ್ ಇಳಿಸದೆ ತಿಳಿಯುವ ದಾರಿಯಿಲ್ಲ.

ಹಾಗಂತ ಇಂಜಿನ್ ಕೆಟ್ಟದ್ದೇನಲ್ಲ. ಎಣ್ಣೆಯಲ್ಲಿ ಉಕ್ಕಿನ ಪುಡಿಯಿಲ್ಲ, ಸದ್ದು ಶುದ್ಧ. ಓಡಿಸುವುದಕ್ಕಷ್ಟೇ ಆದರೆ ಈಗಲೇ ಕೈಕುಲುಕಬಹುದು. ಆದರೆ ಇವತ್ತು ನೀವು ಕೊಡುವ ದುಡ್ಡಿನಲ್ಲಿ ಐದು ವರ್ಷದ ನಂತರ ಇದೇ ಲಿಫ್ಟಿನ ಕೆಳಗೆ ಟಾರ್ಚ್ ಹಿಡಿದು ನಿಲ್ಲುವ ಇನ್ನೊಬ್ಬನ ಅನುಮಾನವೂ ಸೇರಿದೆ. ಅವನಿಗೆ ನೀವೂ ಖಾಲಿ ಪ್ಲಾಸ್ಟಿಕ್ ಹಾಳೆ ತೋರಿಸಬೇಕು. ಕ್ಲಚ್ಚು ಹೇಗೂ ಸವೆದಿದೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ಚಿನ ಜೊತೆಗೇ ಬೇರಿಂಗನ್ನೂ ಹೊಸದು ಹಾಕಿಸಿದರೆ ಒಂದು ಒಳ್ಳೆಯ ಬಿಲ್ಲು ಕೈಗೆ ಬರುತ್ತದೆ. ಆ ಖರ್ಚು ಅವರ ಬೆಲೆಯಿಂದಲೇ ಕಳೆಯಬೇಕು.

“ಹದಿನೆಂಟು,” ಎನ್ನುತ್ತೀರಿ. ನಾಲಿಗೆ ಒಣಗಿದೆ.

ಅವರು ರೇಗುವುದಿಲ್ಲ. ಕಾಗದ ಕೊಡಿ ಎಂದು ಕೈ ಚಾಚುತ್ತಾರೆ, ಕನ್ನಡಕ ಹಣೆಗೇರಿಸಿ ‘ವೈ’ ಮೇಲೆ ಬೆರಳಿಡುತ್ತಾರೆ. ಮುಖ ಸಪ್ಪಗಾಗುತ್ತದೆ, ಹೊಸದು ಅಂತ ಅವರಿಗೂ ಯಾರೋ ಹೇಳಿ ಮಾರಿದ್ದಾರೆ. ನಿಮ್ಮ ಜೇಬಿನಲ್ಲಿ ಫೋನು ಗುರುಗುಟ್ಟುತ್ತದೆ.

“ರೀ, ಏನಾಯ್ತು? ತಗೊಂಡ್ರಾ?”

“ತಡಿ, ಅವರು ಯೋಚನೆ ಮಾಡ್ತಿದಾರೆ.”

ಅವರು ಪೆನ್ಸಿಲ್ ಗೀಚಿದ ಕಾಗದವನ್ನು ಮಡಿಸದೆ ಆ ಖಾಲಿ ಪ್ಲಾಸ್ಟಿಕ್ ಹಾಳೆಯೊಳಗೆ ಇಳಿಸುತ್ತಾರೆ. “ಹತ್ತೊಂಬತ್ತೂವರೆ,” ಎನ್ನುತ್ತಾರೆ, ಫೈಲಿನಿಂದ ತಲೆಯೆತ್ತದೆ.