ಹುಷಾರಾದ ಮೇಲಿನ ನಾಲ್ಕು ತಿಂಗಳು

ನನಗೆ ಕ್ಷಯ ಅಂತ ಗೊತ್ತಾದದ್ದು ಗೌರಿ ಹಬ್ಬ ಕಳೆದ ಮೇಲೆ, ಹೊಳೆನರಸೀಪುರದಲ್ಲಿ ಕಫ ಪರೀಕ್ಷೆ ಮಾಡಿಸಿದಾಗ. ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಹೊಗೆಸೊಪ್ಪು ಬೇಯಿಸುವ ಕಾಲ, ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಕ್ಕೆ ಹೀಗಾಗಿದೆ ಅನ್ನುತ್ತಿದ್ದರು ಮನೆಯವರು.

ಆರು ತಿಂಗಳ ಔಷಧಿ. ಮೊದಲೆರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಸೇರಿದ್ದು. ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ; ನನಗೆ ದಿನಕ್ಕೆ ಮೂರು, ಬೆಳಿಗ್ಗೆ ಖಾಲಿ ಹೊಟ್ಟೆಗೆ. ನುಂಗಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಲು ಶುರು. ಒಗ್ಗರಣೆ ವಾಸನೆಗೇ ಹಿತ್ತಲಿಗೆ ಓಡುತ್ತಿದ್ದೆ. ಮಂಡಿ ನೋವಿಗೆ ಕುಕ್ಕರಗಾಲಲ್ಲಿ ಕೂರಲಾಗುತ್ತಿರಲಿಲ್ಲ. ರೈಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರೂ ಕಂಡಾಗ ಎದೆ ಧಸಕ್ಕೆಂದಿತು.

ಆದರೂ ಆ ಎರಡು ತಿಂಗಳು ಹೇಗೋ ಕಳೆದವು, ಸಾವಿನ ಭಯ ಇತ್ತಲ್ಲ. ಕಷ್ಟವಾದದ್ದು ಆಮೇಲೆ. ಕೆಮ್ಮು ನಿಂತಿತು, ಮುದ್ದೆ ಸೇರತೊಡಗಿತು, ರಾಗಿ ಕೊಯ್ಲಿಗೆ ಇಳಿದೆ. ಈಗ ನನ್ನ ಮೈಯಲ್ಲಿ ಕಾಯಿಲೆಯ ಸುಳಿವೇ ಇಲ್ಲ, ಸಂಕಟವೇನಿದ್ದರೂ ಮಾತ್ರೆಯದೇ. "ಇಷ್ಟು ಚೆನ್ನಾಗಿದ್ದೀಯ, ಇನ್ನೂ ಯಾಕೋ ಅದು?" ಅಂತ ಕೇಳದ ನೆಂಟರಿಲ್ಲ. ನನ್ನ ಮನಸ್ಸೂ ಅದನ್ನೇ ಕೇಳುತ್ತಿತ್ತು.

ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು, ಖಾಲಿಯಾದ ಪಟ್ಟಿ ತೋರಿಸು ಅನ್ನುವರು. "ಅಣ್ಣ, ಹುಳ ಸತ್ತಿಲ್ಲ, ಬಗ್ಗಿಕೊಂಡಿದೆ ಅಷ್ಟೆ. ಈಗ ಬಿಟ್ಟರೆ ಈ ಮಾತ್ರೆಗೆ ಜಗ್ಗದ ಟಿಬಿ ಬಂದು ಕೂರುತ್ತೆ." ಮಾತು ಒರಟಾಗಿತ್ತು, ನಿಜವೂ ಆಗಿತ್ತು. ಅರ್ಧಕ್ಕೆ ಬಿಟ್ಟವರಲ್ಲಿ ಉಳಿದ ರೋಗಾಣು ಔಷಧಿಗೆ ಒಗ್ಗಿಹೋಗಬಹುದು. ಆಮೇಲೆ ಅವರಿಂದ ಅಂಟಿಸಿಕೊಳ್ಳುವವರಿಗೂ ಆ ಗಟ್ಟಿ ಕ್ಷಯವೇ ಬರುವುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮಗಳು. ಅವಳಿಗಿನ್ನೂ ನಾಲ್ಕು ವರ್ಷ. ಕಾಯಿಲೆ ಇಲ್ಲ ಅಂತ ಪರೀಕ್ಷೆಯಲ್ಲಿ ಖಾತ್ರಿಯಾದರೂ, ರೋಗಿಯ ಮನೆಯ ಮಗು ಅಂತ ಮುಂಜಾಗ್ರತೆಗೆ ಅವಳಿಗೂ ಆರು ತಿಂಗಳು ಐಸೋನಿಯಾಜಿಡ್ ಕೊಟ್ಟರು. ಹೆಂಡತಿ ಮಾತ್ರೆಯನ್ನು ಚಮಚದಲ್ಲಿ ಅರೆದು ನೀರು ಬೆರೆಸುವಳು. ಮಗು ಮುಖ ಕಿವಿಚಿ, ಎರಡೂ ಕೈಯಲ್ಲಿ ಲಂಗ ಬಿಗಿಹಿಡಿದು, ನುಂಗಿ ಬಾಯಿ ತೆರೆದು ತೋರಿಸುವಳು. ನನ್ನಿಂದಾಗಿ ಅದು ಕಹಿ ಕುಡಿಯುತ್ತಿರುವಾಗ ನನ್ನ ಮೂರನ್ನು ಪಕ್ಕಕ್ಕಿಡಲು ಕೈ ಬರಲಿಲ್ಲ. ಇಷ್ಟಪಟ್ಟು ನುಂಗಿದ ದಿನ ಒಂದೂ ಇಲ್ಲ. ನುಂಗದ ದಿನವೂ ಇಲ್ಲ.

ಮೈಸೂರಿನ ಕ್ಷಯ ಆಸ್ಪತ್ರೆಗೆ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಅವರು. ಇದೇ ಕಾಯಿಲೆ ಅವರನ್ನು ಕೊಂಡೊಯ್ದಿತು. ಅರಮನೆಗೂ ಅಂದು ಸಿಗದ ಮದ್ದು ಇಂದು ಹಳ್ಳಿಮೈಸೂರಿನ ರೈತನಾದ ನನ್ನಂಥವನಿಗೆ ಬಿಟ್ಟಿ ಸಿಗುತ್ತಿದೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ನಮ್ಮ ಮನೆಯಲ್ಲಿ ಅದು ಮೊಟ್ಟೆಗೂ ಕಡಲೆಕಾಯಿಗೂ ಹೋಯಿತು.

ಔಷಧಿ ಮುಗಿದ ಮೇಲೆ ಮಾಡಿದ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಮಗಳು ಆರೋಗ್ಯವಾಗಿದ್ದಾಳೆ.

ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ, ದುಡ್ಡು ಕೇಳುವುದಿಲ್ಲ. ಮೂರನೇ ತಿಂಗಳಲ್ಲಿ ನಿಂತು ಬೇಸತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಾಳೆಯ ಮಾತ್ರೆಯನ್ನೂ ನುಂಗಿ.