ನೋಡಲಿಕ್ಕೆ ಏನುಂಟು?

ನೆಂಟರು ಬಂದ ಮರುದಿನ ಬೆಳಿಗ್ಗೆ, ಮೂರನೆಯ ನೀರುದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ: "ಇಲ್ಲಿ ನೋಡಲಿಕ್ಕೆ ಏನುಂಟು?" ನಾನು ಉದ್ಯಾವರದವನು. ಈ ಪ್ರಶ್ನೆ ಕೇಳಿದ್ದೇ ತಡ, ನನ್ನ ಕೈ ತಾನಾಗಿ ಊರಿನ ಹೊರಗೆ ಬೊಟ್ಟು ಮಾಡುತ್ತದೆ. ಬಡಗಿಗೆ ಮಲ್ಪೆ, ತೆಂಕಿಗೆ ಕಾಪು, ಮೂಡಿಗೆ ಕಾರ್ಕಳ. ಪಡುವಣದಲ್ಲಿ ಸಮುದ್ರವೇ ಇದೆ, ಅದಕ್ಕೆ ದಾರಿ ಹೇಳುವವರು ಬೇಡ.

ಕಳೆದ ಡಿಸೆಂಬರಿನಲ್ಲಿ ಬಂದವನು ಚಿಕ್ಕಮ್ಮನ ಮಗ. ಮಲೇಷ್ಯಾದ ಮಲಕ್ಕಾದಲ್ಲಿ ಕೆಲಸ. ಬಂದಲ್ಲಿಂದ ಮಲಕ್ಕಾದ್ದೇ ಸುದ್ದಿ. 1511ರಲ್ಲಿ ಪೋರ್ಚುಗೀಸರು ಆ ಬಂದರನ್ನು ಹಿಡಿದು ದೊಡ್ಡ ಕೋಟೆ ಕಟ್ಟಿದರಂತೆ; ಈಗ ಎದ್ದು ಕಾಣುವಂತೆ ಉಳಿದದ್ದು ಅದರ ಒಂದು ಹೆಬ್ಬಾಗಿಲು. "ಒಂದೇ ಒಂದು ಬಾಗಿಲಣ್ಣ! ಫೋಟೋ ತೆಗೆಸಿಕೊಳ್ಳಲಿಕ್ಕೆ ಜನ ಕ್ಯೂ ನಿಲ್ಲುತ್ತಾರೆ." ಪೇಟೆಗೆ 2008ರಲ್ಲಿ ಯುನೆಸ್ಕೋದ ಮನ್ನಣೆ ಬೇರೆ. ನನಗೆ ಒಳಗೊಳಗೇ ಸ್ವಲ್ಪ ಉರಿಯಿತು.

ಉರಿ ತಣಿಸಲಿಕ್ಕೆ ಮೊದಲು ಸೇಂಟ್ ಮೇರೀಸ್ ದ್ವೀಪಕ್ಕೇ ಕರೆದುಕೊಂಡು ಹೋದೆ. ಮಲ್ಪೆಯಿಂದ ಬೋಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂಬ ಪ್ರತೀತಿ. ಮಲಕ್ಕಾಕ್ಕಿಂತ ಹದಿಮೂರು ವರ್ಷ ಮುಂಚೆ ಎಂದು ಒತ್ತಿ ಹೇಳಿದೆ. ಗಾಮನಿಗಿಂತ ಕಲ್ಲಿನ ಕಥೆ ದೊಡ್ಡದು. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಳಚಿಕೊಳ್ಳುವಾಗ ಉಕ್ಕಿದ ಲಾವಾ ಆರುತ್ತ ಕುಗ್ಗಿತು, ಬೇಸಗೆಯಲ್ಲಿ ಗದ್ದೆ ಬಾಯಿಬಿಟ್ಟಂತೆ ಬಿರುಕು ಬಿಟ್ಟಿತು. ಆ ಬಿರುಕು ಕೆಳಗಿನವರೆಗೆ ಇಳಿದು, ಐದು ಮುಖದವು, ಆರು ಮುಖದವು, ಸಾಲು ಸಾಲು ಕಂಬಗಳಾಗಿವೆ. ಮರದ ಮಿಲ್ಲಿನ ಅಂಗಳದಲ್ಲಿ ತೊಲೆ ನಿಲ್ಲಿಸಿಟ್ಟ ಹಾಗೆ. ತಮ್ಮ ಒಂದು ಕಂಬದ ತಲೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಮಲಕ್ಕಾ ಬಾಯಿ ಮುಚ್ಚಿತ್ತು.

ಕಾರ್ಕಳಕ್ಕೆ ಹೋದದ್ದು ಮಟಮಟ ಮಧ್ಯಾಹ್ನ, ತಪ್ಪು ನನ್ನದೇ. ಬರಿಗಾಲಲ್ಲಿ ಕಾದ ಬಂಡೆಯ ಮೇಲೆ ಕುಣಿಯುತ್ತ 42 ಅಡಿಯ ಗೊಮ್ಮಟನನ್ನು ನೋಡಿದೆವು. 1432ರಿಂದ ಅದೇ ಬಿಸಿಲಲ್ಲಿ ನಿಂತವನ ಮುಖದಲ್ಲಿ ಒಂದು ಗೆರೆ ಅಲುಗಿಲ್ಲ. ಸಂಜೆ ಕಾಪುವಿನ ಬಂಡೆಯ ಮೇಲೆ, 1901ರ ದೀಪಸ್ತಂಭದ ಬುಡದಲ್ಲಿ ಚುರುಮುರಿ.

ಕಾಪುವಿನಿಂದ ಬರುವಾಗ, ಉದ್ಯಾವರ ಸೇತುವೆಯ ಮೇಲೆ ತಮ್ಮ ಕೇಳಿದ: "ಅಣ್ಣ, ಎಲ್ಲ ಕಡೆ ತೋರಿಸಿದಿ. ನಿಮ್ಮೂರಲ್ಲಿ ಏನಿಲ್ವಾ?"

ನಾಚಿಕೆಯಾಯಿತು. ಹೆದ್ದಾರಿ 66ರಲ್ಲಿ ಹೋಗುವವರಿಗೆ ಉದ್ಯಾವರ ಎಂದರೆ ಒಂದು ಸೇತುವೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉದ್ಯಾವರಕ್ಕೆ ಟಿಕೆಟ್ ಕೇಳಿದರೆ ಕಂಡಕ್ಟರನ ಮುಖ ಇಷ್ಟಾಗುತ್ತದೆ. ಅವನಿಗೇನು ಗೊತ್ತು, ಇದು ಆಳುಪರ ರಾಜಧಾನಿ ಉದಯಪುರ! ತುಳುನಾಡನ್ನು ಶತಮಾನಗಟ್ಟಲೆ ಆಳಿದವರು, ಮೀನಿನ ಲಾಂಛನದವರು. ಮೀನಿಲ್ಲದೆ ಊಟ ಸೇರದ ಈ ಊರಿಗೆ ಅದಕ್ಕಿಂತ ಒಪ್ಪುವ ಲಾಂಛನ ಇನ್ನೊಂದಿಲ್ಲ.

ಮರುದಿನ ಮಟ್ಟುಗುಳ್ಳದ ಹುಳಿ ಉಂಡು, ಬಿಸಿಲು ಇಳಿದ ಮೇಲೆ ಶಂಭುಕಲ್ಲಿಗೆ ಹೋದೆವು. ಎಂಟನೆಯ ಶತಮಾನದ ಆಸುಪಾಸಿನ ಕನ್ನಡ ಶಾಸನಗಳು ಸಿಕ್ಕಿದ್ದು ಇಲ್ಲೇ. ರಣಸಾಗರ, ಶ್ವೇತವಾಹನ ಎಂಬವರು ಈ ಪಟ್ಟಣಕ್ಕಾಗಿ ಬಡಿದಾಡಿದ್ದು, ಅವರ ಪರವಾಗಿ ಕಾದಿ ಸತ್ತವರ ಹೆಸರು, ಎಲ್ಲ ಅದರಲ್ಲಿದೆ. ದಾಯಾದಿ ಜಗಳ ನಮ್ಮಲ್ಲಿ ಈಗಲೂ ಉಂಟು, ಕಲ್ಲಿನ ಬದಲು ಸ್ಟಾಂಪ್ ಪೇಪರಿಗೆ ಬಂದಿದೆ ಅಷ್ಟೇ.

"ಅರಮನೆ ಎಲ್ಲಿತ್ತು?" ತಮ್ಮ ಕೇಳಿದ. ನಾನು ಗಂಭೀರವಾಗಿ ತೆಂಗಿನ ತೋಟದ ಕಡೆಗೆ ಕೈ ಮಾಡಿದೆ. ಅವನು ಫೋಟೋ ತೆಗೆದ. ಫೋಟೋದಲ್ಲಿ ಎಂಟು ತೆಂಗಿನ ಮರ, ಒಂದು ಒಣಗಲು ಹಾಕಿದ ಲುಂಗಿ.

ಅಲ್ಲಿಂದ ಪಿತ್ರೋಡಿಗೆ. ಹೊಳೆ ಇಳಿತದಲ್ಲಿತ್ತು. ಕಾಂಡ್ಲದ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುತ್ತಿದ್ದವು. ಅವುಗಳ ನಡುವೆ ಒಂದು ಬೆಳ್ಳಕ್ಕಿ ಬಹಳ ಲೆಕ್ಕಾಚಾರದಿಂದ ಕಾಲಿಡುತ್ತಿತ್ತು. ಆಚೆ ಪಡುಕೆರೆಯ ತೆಂಗಿನ ಸಾಲು, ಅದರಾಚೆ ಕಾಣದ ಸಮುದ್ರದ ಸದ್ದು. ಹೊಳೆಯೂ ಸಮುದ್ರವೂ ಕೂಗಳತೆಯಲ್ಲಿದ್ದರೂ, ನೀರು ಬಡಗಿಗೆ ತಿರುಗಿ ಮಲ್ಪೆಯ ಅಳಿವೆಯವರೆಗೆ ಸುತ್ತಿಕೊಂಡೇ ಹೋಗುತ್ತದೆ. ಅವಸರವಿಲ್ಲದ ಹೊಳೆ.

ಮೊಣಕಾಲು ನೀರಿನಲ್ಲಿ ಮರುವಾಯಿ ಹೆಕ್ಕುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ಆಗಿನಿಂದ ಗಮನಿಸುತ್ತಿದ್ದರು. ಕೊನೆಗೆ ಬುಟ್ಟಿ ದಡಕ್ಕಿಟ್ಟು ತುಳುವಿನಲ್ಲಿ ಕೇಳಿಯೇಬಿಟ್ಟರು: "ದಾದ ತೂಪರ್?" ಏನು ನೋಡುತ್ತೀರಿ?

ತಮ್ಮ ನನ್ನ ಮುಖ ನೋಡಿದ. ನಾನು ಬುಟ್ಟಿ ನೋಡಿ, ನೂರಕ್ಕೆ ಎಷ್ಟು ಎಂದು ಕೇಳಿದೆ. ಅವರು ಕೂತು ಎಣಿಸಿದರು, ಕೊಸರೆಂದು ಐದು ಹೆಚ್ಚೇ ಹಾಕಿದರು.