ಬೀಗದ ಕೈಗೊಂಚಲಿನ ಬಿಲ್ಲೆ

ಗಡಿನಾಡಿನಲ್ಲಿ ಹುಟ್ಟಿದವರಿಗೆ ಒಂದು ಹೆಸರು ಸಾಲುವುದಿಲ್ಲ. ತೊಟ್ಟಿಲಿನಲ್ಲಿ ಇಟ್ಟ ಹೆಸರು ಒಂದು. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಅದಕ್ಕೆ ತಂದೆಯ ಹೆಸರೋ ಮನೆಯ ಹೆಸರೋ ಅಂಟಿಕೊಳ್ಳುತ್ತದೆ. ಮಲಯಾಳದ ಕಡತಕ್ಕೆ ಹೋದೊಡನೆ ನಮ್ಮ ನಾರಾಯಣನು ‘ನಾರಾಯಣನ್’ ಆಗುತ್ತಾನೆ, ಶಂಕರನು ‘ಶಂಕರನ್’ ಆಗುತ್ತಾನೆ. ಇಂಗ್ಲಿಷಿನಲ್ಲಿ ಬರೆಯುವಾಗಲಂತೂ ಲಲಿತೆಯ ತಕಾರಕ್ಕೆ ಒಬ್ಬ ಗುಮಾಸ್ತರು ‘ಟಿ’ ಎಂಬ ಒಂದೇ ಅಕ್ಷರ ಸಾಕೆಂದರೆ ಇನ್ನೊಬ್ಬರು ಅದರ ಬೆನ್ನಿಗೆ ‘ಎಚ್’ ಕಟ್ಟುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಇದಕ್ಕೆ ಒಗ್ಗಿಕೊಂಡಿದ್ದೇವೆ. ಅನೇಕ ಸಲ ನಕ್ಕು ಸುಮ್ಮನಾಗಿದ್ದೇವೆ. ಆದರೆ ಚಿಕಿತ್ಸೆ ನಡೆಯುವ ಸ್ಥಳದಲ್ಲಿ ಹೆಸರಿನ ಗೊಂದಲವು ನಗೆಯ ವಿಷಯವಲ್ಲವೆಂಬುದನ್ನು ನಮ್ಮ ಮನೆಯವರೆಲ್ಲ ಕಣ್ಣಾರೆ ಕಂಡಿದ್ದೇವೆ.

2017ರ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮ ಹಾವಸೆಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಹೆಗಲಿನ ಕೆಳಗೆ ಎಲುಬು ಮುರಿದುಕೊಂಡರು. ಕೆಲವು ವಾರ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡಿದ್ದ ಮೇಲೆ ಫಿಸಿಯೋಥೆರಪಿಗೆ ಹೋಗುವಂತೆ ವೈದ್ಯರು ಹೇಳಿದರು. ಸಮೀಪದ ಪೇಟೆಯ ಒಂದು ಚಿಕಿತ್ಸಾಲಯ. ಅಲ್ಲಿ ರಟ್ಟಿನ ಕಡತಗಳನ್ನು ಹೆಸರಿನ ಅನುಕ್ರಮದಲ್ಲಿ ಜೋಡಿಸಿಟ್ಟಿದ್ದರು. ಚಿಕ್ಕಮ್ಮನದು ನಮ್ಮ ಕಡೆ ಮನೆಗೊಬ್ಬರಿಗೆ ಇರುವಂಥ ದೇವಿಯ ಹೆಸರು. ಅದೇ ಹೆಸರಿನ, ಹೆಚ್ಚು ಕಡಿಮೆ ಅದೇ ಪ್ರಾಯದ ಇನ್ನೊಬ್ಬ ಹೆಂಗಸು ಹೆಗಲ ಕೀಲು ಬಿಗಿದುಕೊಂಡದ್ದಕ್ಕಾಗಿ ಅಲ್ಲಿಗೇ ಬರುತ್ತಿದ್ದರು. ಒಂದು ದಿನ ಹೊಸತಾಗಿ ಸೇರಿದ ಸಹಾಯಕಿಯು ಹೆಸರು ಕೂಗಿದಳು. ಕಿವಿ ಮಂದವಾದ ಚಿಕ್ಕಮ್ಮ ‘ಹೌದು’ ಎಂದು ಎದ್ದು ಹೋದರು. ತೆರೆದದ್ದು ಆ ಇನ್ನೊಬ್ಬರ ಕಡತ. ಬಿಗಿದ ಕೀಲನ್ನು ಸಡಿಲಿಸಲು ಹೇಳಿದ ವ್ಯಾಯಾಮವನ್ನು ಈಗಷ್ಟೇ ಕೂಡಿಕೊಳ್ಳುತ್ತಿದ್ದ ಎಲುಬಿನ ಮೇಲೆ ಮಾಡಿಸಿದರು. ಅವರ ಕೂಗು ಕೇಳಿ ಹಿರಿಯ ಚಿಕಿತ್ಸಕರು ಓಡಿ ಬಂದು ಕಡತವನ್ನು ನೋಡಿದಾಗಲೇ ಸಂಗತಿ ತಿಳಿದದ್ದು. ಪುಣ್ಯಕ್ಕೆ ಎಲುಬು ಸರಿಯಲಿಲ್ಲ. ಆದರೆ ಮೂರು ವಾರದ ಗುಣ ನೀರಿನಲ್ಲಿ ಹೋಮವಾಯಿತು.

ಆ ನೆನಪು ಮಾಸುವ ಮೊದಲೇ, ಮರುವರ್ಷ, ನಾವು ದಂಪತಿಗಳು ಅಮೆರಿಕದ ಒಹಾಯೋ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಬೇಕಾಯಿತು. ಅವಳು ಮಂಜಿನ ಮೇಲೆ ಜಾರಿ ಮೊಣಕಾಲಿನ ಒಳಗಿನ ಕಟ್ಟು ಹರಿದುಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ವಾರಕ್ಕೆ ಎರಡು ಸಲದಂತೆ ಅವಳನ್ನು ಫಿಸಿಯೋಥೆರಪಿಗೆ ಕರೆದೊಯ್ಯುವಾಗ ನಾವೂ ಜೊತೆಗಿದ್ದೆವು. ಮೊದಲ ದಿನ ಅರ್ಜಿ, ವಿಮೆಯ ಕಾಗದ, ಸಹಿಗಳೆಂದು ಅರ್ಧ ಗಂಟೆ ಹೋಯಿತು. ಹೊರಡುವಾಗ ಸ್ವಾಗತ ಮೇಜಿನ ಹೆಂಗಸು ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯನ್ನು ಅವಳ ಕೈಗಿತ್ತರು. ತುದಿಯಲ್ಲಿ ಒಂದು ತೂತು, ಒಂದು ಬದಿಯಲ್ಲಿ ಚಿಕಿತ್ಸಾಲಯದ ಗುರುತು, ಇನ್ನೊಂದು ಬದಿಯಲ್ಲಿ ಕಪ್ಪು ಗೆರೆಗಳ ಸಾಲು, ಅದರ ಕೆಳಗೆ ಕೆಲವು ಅಂಕಿಗಳು, ಇಷ್ಟೆ. ಕಾರಿನ ಮತ್ತು ಮನೆಯ ಬೀಗದ ಕೈಗಳ ಗೊಂಚಲಿಗೆ ಅದನ್ನು ಪೋಣಿಸಿಕೊಳ್ಳಬೇಕೆಂದರು. ಬೀಗದ ಕೈಯನ್ನು ಮರೆತು ಮನೆಯಿಂದ ಹೊರಡುವವರು ಕಡಿಮೆಯಾದ್ದರಿಂದ ಬಿಲ್ಲೆಯೂ ಮರೆತುಹೋಗುವುದಿಲ್ಲವೆಂಬುದು ಅವರ ಲೆಕ್ಕಾಚಾರ. ಎರಡನೆಯ ದಿನದಿಂದ ಅವಳು ಬಾಗಿಲ ಬಳಿಯ ಯಂತ್ರದ ಕೆಂಪು ಬೆಳಕಿಗೆ ಬಿಲ್ಲೆಯನ್ನು ಹಿಡಿಯುತ್ತಿದ್ದಳು. ‘ಟುಂಯ್’ ಎಂದು ಸದ್ದಾಗುತ್ತಿತ್ತು. ಒಳಗಿದ್ದ ಚಿಕಿತ್ಸಕಿಯ ಪರದೆಯ ಮೇಲೆ ಇವಳು ಬಂದಿರುವ ಸೂಚನೆಯೂ ಇವಳ ಕಡತವೂ ತೆರೆದುಕೊಳ್ಳುತ್ತಿದ್ದವು.

ಇದರಲ್ಲಿ ಮಾಯೆಯೇನೂ ಇಲ್ಲ. ಕಪ್ಪು ಗೆರೆಯು ಬೆಳಕನ್ನು ಹೀರುತ್ತದೆ, ಬಿಳಿಯ ತೆರಪು ಬೆಳಕನ್ನು ಹಿಂದಿರುಗಿಸುತ್ತದೆ. ಗೆರೆ ಮತ್ತು ತೆರಪುಗಳ ಅಗಲವನ್ನು ಅಳೆದು ಯಂತ್ರವು ಅಂಕಿಯನ್ನು ಓದುತ್ತದೆ. ಇಂಥ ಬಿಲ್ಲೆಗಳಿಗೆ ಒದಗುವ ‘ಕೋಡ್ 128’ ಎಂಬ ಪದ್ಧತಿಯು 1981ರಲ್ಲಿ ಬಂದದ್ದು. ಅದರಲ್ಲಿ ಮೂರು ಗೆರೆ ಮೂರು ತೆರಪುಗಳ ಒಂದೊಂದು ಗುಂಪಿನಲ್ಲಿ ಎರಡೆರಡು ಅಂಕಿಗಳನ್ನು ಅಡಕಮಾಡಬಹುದು. ಆದುದರಿಂದಲೇ ಉದ್ದನೆಯ ಸಂಖ್ಯೆಯೂ ಹೆಬ್ಬೆರಳಿನಷ್ಟು ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಕೊನೆಯಲ್ಲಿ ತಾಳೆ ನೋಡಲೆಂದೇ ಒಂದು ಗುಂಪು ಇರುತ್ತದೆ. ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿ ಬಂದ ಮೊತ್ತವು ಅದಕ್ಕೆ ಹೊಂದದಿದ್ದರೆ ಯಂತ್ರವು ಸುಮ್ಮನಿರುತ್ತದೆಯೇ ಹೊರತು ತಪ್ಪು ಸಂಖ್ಯೆಯನ್ನು ಹೇಳುವುದಿಲ್ಲ. ಗೊತ್ತಿಲ್ಲದಾಗ ಬಾಯಿ ಮುಚ್ಚಿಕೊಂಡಿರುವ ಈ ಗುಣ ಮನುಷ್ಯರಲ್ಲಿಯೂ ದುರ್ಲಭವೆಂದು ನಾವು ಆಗಾಗ ಅಂದುಕೊಂಡದ್ದುಂಟು.

ಈ ಗೆರೆಗಳ ಮೂಲವನ್ನು ಕೇಳಿದಾಗ ನಮಗೆ ನಮ್ಮ ಊರಿನ ಹಳೆಯ ಪದ್ಧತಿಯ ನೆನಪಾಯಿತು. ನಮ್ಮ ಹಿರಿಯರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ ಕಲಿತವರು. ಜೋಸೆಫ್ ವುಡ್‌ಲ್ಯಾಂಡ್ ಎಂಬ ಅಮೆರಿಕದ ತರುಣನು 1949ರ ಸುಮಾರಿಗೆ ಮಯಾಮಿಯ ಕಡಲ ತೀರದಲ್ಲಿ ಕುಳಿತು, ಬಾಲ್ಯದಲ್ಲಿ ಕಲಿತ ತಂತಿಯ ಸಂಕೇತದ ಚುಕ್ಕೆ ಗೀಟುಗಳನ್ನು ನೆನೆಯುತ್ತ, ಮರಳಿನಲ್ಲಿ ಬೆರಳುಗಳನ್ನು ಕೆಳಗೆ ಎಳೆದನಂತೆ. ಚುಕ್ಕೆಯು ತೆಳ್ಳನೆಯ ಗೆರೆಯಾಯಿತು, ಗೀಟು ದಪ್ಪನೆಯ ಗೆರೆಯಾಯಿತು. ಅವನಿಗೂ ಅವನ ಗೆಳೆಯ ಬರ್ನಾರ್ಡ್ ಸಿಲ್ವರನಿಗೂ 1952ರಲ್ಲಿ ಅದರ ಹಕ್ಕುಪತ್ರ ದೊರಕಿತು. ಆದರೆ ಓದುವ ಯಂತ್ರಗಳು ಅಂಗಡಿಗೆ ಒಗ್ಗುವಷ್ಟು ಸುಧಾರಿಸಲು ಇನ್ನೂ ಇಪ್ಪತ್ತು ವರ್ಷಗಳು ಹಿಡಿದವು. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಎಂಬ ಸಣ್ಣ ಊರಿನ ಅಂಗಡಿಯಲ್ಲಿ, ಇಂದು ಸರಕುಗಳ ಮೇಲೆಲ್ಲ ಕಾಣುವ ಗೆರೆಸಾಲನ್ನು ಮೊತ್ತಮೊದಲು ಓದಿಸಿ ಮಾರಿದ ವಸ್ತು ಒಂದು ಚ್ಯೂಯಿಂಗ್ ಗಮ್ಮಿನ ಪೊಟ್ಟಣ. ಅಲ್ಲಿಂದ ಗೆರೆಗಳು ಪುಸ್ತಕಕ್ಕೆ, ಔಷಧಿಗೆ, ಆಸ್ಪತ್ರೆಯಲ್ಲಿ ರೋಗಿಯ ಮಣಿಕಟ್ಟಿನ ಪಟ್ಟಿಗೆ, ಕೊನೆಗೆ ನಮ್ಮ ಮಗಳ ಕೈಗೊಂಚಲಿಗೆ ಬಂದವು.

ಫಿಸಿಯೋಥೆರಪಿಗೆ ಈ ಬಿಲ್ಲೆಯು ವಿಶೇಷವಾಗಿ ಹೊಂದುವುದಕ್ಕೆ ಕಾರಣವಿದೆ. ಜ್ವರಕ್ಕೆ ಮದ್ದು ತರುವವನು ಒಂದು ಸಲವೋ ಎರಡು ಸಲವೋ ವೈದ್ಯರ ಬಾಗಿಲಿಗೆ ಹೋಗುತ್ತಾನೆ. ಮೊಣಕಾಲೋ ಹೆಗಲೋ ಸರಿಯಾಗಬೇಕಾದರೆ ಒಂದೇ ಬಾಗಿಲಿಗೆ ತಿಂಗಳುಗಟ್ಟಲೆ ಹೋಗಬೇಕು. ಪ್ರತಿಸಲವೂ ಹೆಸರು ಹೇಳಿ, ಕಾಗುಣಿತ ಬಿಡಿಸಿ, ಸಹಿ ಹಾಕಿ ನಿಲ್ಲುವುದೆಂದರೆ ಕಾಲು ನೋಯುವವರಿಗೆ ಅದೇ ಒಂದು ಶಿಕ್ಷೆ; ಸಾಲಿನಲ್ಲಿ ಹತ್ತು ನಿಮಿಷ ಕಳೆದರೆ ವ್ಯಾಯಾಮದ ಹೊತ್ತಿನಲ್ಲಿ ಹತ್ತು ನಿಮಿಷ ಕಡಿಮೆ. ಎಷ್ಟು ಸಲ ಬಂದರು, ಎಷ್ಟು ಸಲ ತಪ್ಪಿಸಿದರು ಎಂಬ ಲೆಕ್ಕವೂ ಈ ಚಿಕಿತ್ಸೆಯಲ್ಲಿ ಮುಖ್ಯ. ಅಲ್ಲಿಯ ಅನೇಕ ವಿಮೆಗಳು ಇಂತಿಷ್ಟು ಭೇಟಿಗಳಿಗೆ ಮಾತ್ರ ಹಣ ಕೊಡುತ್ತವೆ. ಬಿಲ್ಲೆಯು ಬಂದ ದಿನವನ್ನೂ ಗಳಿಗೆಯನ್ನೂ ತಪ್ಪದೆ ಬರೆದಿಡುತ್ತದೆ. ಆದರೆ ಬಾಗಿಲಿಗೆ ಬಂದದ್ದು ಬೇರೆ, ಚಿಕಿತ್ಸೆ ಪಡೆದದ್ದು ಬೇರೆ. ಎರಡನೆಯದಕ್ಕೆ ಚಿಕಿತ್ಸಕಿಯು ಅಂದಂದು ತನ್ನ ಕೈಯಾರೆ ಬರೆಯುವ ಟಿಪ್ಪಣಿಯೇ ಸಾಕ್ಷಿ.

ಇನ್ನೊಂದು ಗುಣವನ್ನೂ ಹೇಳಬೇಕು. ಮೇಜಿನ ಮೇಲೆ ಬಿಚ್ಚಿಟ್ಟ ಪುಸ್ತಕದಲ್ಲಿ ಸಹಿ ಹಾಕುವಾಗ ಮೇಲಿನ ಹತ್ತು ಹೆಸರುಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಪೇಟೆಗಳಲ್ಲಾದರೋ ಕೆಲವು ಪುಸ್ತಕಗಳಲ್ಲಿ ಹೆಸರಿನ ಮುಂದೆ ಕಾಯಿಲೆಯನ್ನೂ ಬರೆದಿರುತ್ತಾರೆ. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯ ಹುಡುಗಿಯ ಬೆನ್ನುನೋವು ಸಂಜೆಯೊಳಗೆ ಊರಿಡೀ ಹಬ್ಬಲು ಅಷ್ಟೇ ಸಾಕು. ಅಮೆರಿಕದಲ್ಲಿ 1996ರ ಕಾಯಿದೆಯೊಂದರ ಆಧಾರದ ಮೇಲೆ ರೋಗಿಯ ಗುಟ್ಟನ್ನು ಕಾಯುವ ನಿಯಮಗಳನ್ನು ಮಾಡಿದ್ದಾರೆ. ಹೆಸರು ಬರೆಯಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಬಂದ ಕಾರಣವನ್ನು ಎಲ್ಲರೂ ಓದುವಂತೆ ಬರೆಯಿಸಕೂಡದು. ಬಿಲ್ಲೆಯಲ್ಲಿ ಹೆಸರೂ ಇಲ್ಲ, ಕಾಯಿಲೆಯೂ ಇಲ್ಲ. ಇರುವುದು ಒಂದು ಸಂಖ್ಯೆ. ಅದು ದಾರಿಯಲ್ಲಿ ಬಿದ್ದರೆ ಸಿಕ್ಕಿದವನಿಗೆ ಅದರಿಂದ ರೋಗಿ ಯಾರೆಂದು ತಿಳಿಯುವುದಿಲ್ಲ. ಕಳೆದುಹೋದ ಸಂಖ್ಯೆಯನ್ನು ರದ್ದುಮಾಡಿ ಹೊಸದನ್ನು ಕೊಡುವುದಕ್ಕೆ ನಿಮಿಷ ಸಾಕು.

ಇಷ್ಟಾದರೂ ನಮ್ಮ ಮನಸ್ಸಿನಲ್ಲಿ ಉಳಿದದ್ದು ಯಂತ್ರವಲ್ಲ. ಬಿಲ್ಲೆಯ ಸದ್ದಾದ ಮೇಲೂ ಒಳಗಿನಿಂದ ಬಂದ ಚಿಕಿತ್ಸಕಿಯು ಪ್ರತಿಸಲವೂ ಮಗಳನ್ನು, ‘ನಿಮ್ಮ ಪೂರ್ಣ ಹೆಸರೇನು, ಹುಟ್ಟಿದ ದಿನ ಯಾವುದು?’ ಎಂದು ಕೇಳುತ್ತಿದ್ದರು. ಹತ್ತು ಸಲ ನೋಡಿದ ಮುಖವಾದರೂ ಬಿಡುತ್ತಿರಲಿಲ್ಲ. ಮೊದಮೊದಲು ನಮಗೆ ಇದು ವಿಚಿತ್ರವಾಗಿ ಕಂಡಿತು. ಆಮೇಲೆ ಚಿಕ್ಕಮ್ಮನ ಹೆಗಲು ನೆನಪಾಗಿ ಅದರ ಬೆಲೆ ತಿಳಿಯಿತು. ಗೊಂಚಲು ಅದಲುಬದಲಾಗಬಹುದು; ಗಂಡನ ಬಿಲ್ಲೆಯನ್ನು ಹೆಂಡತಿ ತರಬಹುದು. ಯಂತ್ರವು ಬಿಲ್ಲೆಯನ್ನು ಗುರುತಿಸುತ್ತದೆ, ಅದನ್ನು ಹಿಡಿದ ಕೈಯನ್ನಲ್ಲ. ಚಿಕಿತ್ಸೆಗೆ ಮೊದಲು ಕನಿಷ್ಠ ಎರಡು ಗುರುತುಗಳಿಂದ ರೋಗಿಯನ್ನು ಖಚಿತಪಡಿಸಿಕೊಳ್ಳಬೇಕೆಂದೂ, ಕೋಣೆಯ ಸಂಖ್ಯೆಯನ್ನು ಗುರುತೆಂದು ತಿಳಿಯಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ 2007ರ ಸಲಹೆಗಳಲ್ಲಿ ಇದೆ. ‘ನೀವು ಇಂಥವರಲ್ಲವೇ?’ ಎಂದು ಕೇಳಿದರೆ ಕಿವಿ ಕೇಳದವರೂ ಗಾಬರಿಯಾದವರೂ ಹೌದೆಂದು ತಲೆಯಾಡಿಸಿಯಾರು. ‘ನಿಮ್ಮ ಹೆಸರೇನು?’ ಎಂದು ಕೇಳಿದರೆ ಉತ್ತರವನ್ನು ಅವರೇ ಹೇಳಬೇಕು. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಒಂದು ಎಲುಬು ಉಳಿಯುತ್ತದೆ.

ಊರಿಗೆ ಮರಳಿ ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆವು. ಅವರು ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಗೊಂಚಲನ್ನು ತೆಗೆದು ನೋಡಿ, “ಉಗ್ರಾಣದ ಕೈ, ಪೆಟ್ಟಿಗೆಯ ಕೈ, ಇನ್ನು ನನ್ನದೇ ಒಂದು ಕೈಯೋ?” ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, “ಇರಲಿ. ಆದರೆ ಹೆಸರು ಇಟ್ಟದ್ದು ಕರೆಯುವುದಕ್ಕೆ. ನಂಬರು ಕೂಗಿದರೆ ನಾನು ಏಳುವವಳಲ್ಲ,” ಎಂದರು. ಅವರ ಮಾತಿನಲ್ಲಿ ಹುರುಳಿದೆ. ಗೆರೆಗಳಿಗೆ ಕನ್ನಡವಿಲ್ಲ, ಮಲಯಾಳವಿಲ್ಲ, ಇಂಗ್ಲಿಷೂ ಇಲ್ಲ. ನಾರಾಯಣನನ್ನು ನಾರಾಯಣನ್ ಎಂದು ತಿದ್ದುವ ಗೊಡವೆಗೆ ಅವು ಹೋಗುವುದಿಲ್ಲ. ಮೂರು ಲಿಪಿಗಳ ನಡುವೆ ಸಿಕ್ಕಿಕೊಂಡ ನಮಗೆ ಇದೊಂದು ನೆಮ್ಮದಿಯೇ ಸರಿ. ಹಾಗೆಂದು ಹೆಸರು ತಪ್ಪುವುದಕ್ಕೆ ಹೆಸರನ್ನೇ ಬಿಟ್ಟುಬಿಡುವುದು ಪರಿಹಾರವಲ್ಲ. ಕಡತವನ್ನು ಹುಡುಕುವುದಕ್ಕೆ ಸಂಖ್ಯೆ ಬೇಕು, ಮನುಷ್ಯರನ್ನು ಕರೆಯುವುದಕ್ಕೆ ಹೆಸರು ಬೇಕು.

ಈಗ ನಮ್ಮ ದೇಶದಲ್ಲಿಯೂ ಆರೋಗ್ಯಕ್ಕೆಂದು ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನು ಕೊಡುತ್ತಿದ್ದಾರೆ; 2022ರಿಂದೀಚೆಗೆ ಅನೇಕ ಆಸ್ಪತ್ರೆಗಳಲ್ಲಿ ಗೋಡೆಯ ಮೇಲಿನ ಚೌಕದ ಗುರುತಿಗೆ ಫೋನು ಹಿಡಿದು ಹೊರರೋಗಿ ಚೀಟಿ ಪಡೆಯುವ ವ್ಯವಸ್ಥೆ ಬಂದಿದೆ. ಫೋನು ಬಳಸಬಲ್ಲವರಿಗೆ ಅದು ಸುಲಭ. ಕೀಲುನೋವಿಗಾಗಿ ಬಾಗಿಲು ತಟ್ಟುವವರಲ್ಲಿ ಬಹುಮಂದಿ ವೃದ್ಧರು. ಅವರ ಕೈಗೆ ಫೋನಿಗಿಂತ ಬಿಲ್ಲೆ ಹೊಂದೀತು. ಒಂದು ಗಣಕಯಂತ್ರ ಈಗಾಗಲೇ ಇರುವಲ್ಲಿ ಗೆರೆ ಓದುವ ಕೈಯಂತ್ರವೊಂದನ್ನು ಸೇರಿಸುವುದು ದೊಡ್ಡ ವೆಚ್ಚದ ಮಾತಲ್ಲ. ಯಂತ್ರವು ಬೆರಳಚ್ಚಿನ ಮಣೆಯಂತೆ ಸಂಖ್ಯೆಯನ್ನು ತಾನೇ ಒತ್ತಿಕೊಡುತ್ತದೆ.

ನಮ್ಮ ಭಾಗದ ಚಿಕಿತ್ಸಾಲಯಗಳನ್ನು ನಡೆಸುವ ಸಹೃದಯರಲ್ಲಿ ನಮ್ಮ ವಿನಂತಿ ಇಷ್ಟು. ಬಿಲ್ಲೆಯ ಮೇಲೆ ಗೆರೆಗಳ ಕೆಳಗೆ ಅಂಕಿಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿರಿ. ಬೀಗದ ಕೈಗಳಿಗೆ ಉಜ್ಜಿ ಗೆರೆ ಸವೆದರೂ ಕಣ್ಣಿನಿಂದ ಓದಬಹುದು. ಗೆರೆಗಳ ಎರಡು ಬದಿಯಲ್ಲೂ ಬಿಳಿಯ ತೆರಪು ಉಳಿಯಲಿ. ಅದಿಲ್ಲದಿದ್ದರೆ ಯಂತ್ರಕ್ಕೆ ಆದಿ ಅಂತ್ಯಗಳು ತಿಳಿಯುವುದಿಲ್ಲ. ಕರೆಂಟು ಹೋದ ದಿನಕ್ಕೆಂದು ಹಳೆಯ ಪುಸ್ತಕವೂ ಇರಲಿ, ಆದರೆ ಅದರಲ್ಲಿ ಕಾಯಿಲೆಯ ವಿವರ ಬೇಡ. ಕಡತದೊಳಗೆ ರೋಗಿಯ ಹೆಸರನ್ನು ಅವರು ಹೇಳಿದಂತೆ, ಅವರ ಲಿಪಿಯಲ್ಲಿಯೂ ಒಮ್ಮೆ ಬರೆದಿಡಿರಿ. ಬಿಲ್ಲೆಯಿಂದ ಉಳಿದ ಹೊತ್ತಿನಲ್ಲಿ ಅರೆ ನಿಮಿಷವನ್ನು ಹೆಸರು ಕೇಳುವುದಕ್ಕೂ, ಇನ್ನರ್ಧ ನಿಮಿಷವನ್ನು ‘ನೋವು ಹೇಗಿದೆ?’ ಎಂದು ಕೇಳುವುದಕ್ಕೂ ಮೀಸಲಿಡಿರಿ. ಬಿಲ್ಲೆಯನ್ನು ಕೊಟ್ಟದ್ದರ ಪ್ರಯೋಜನ ಆಗ ನಮ್ಮಂಥವರಿಗೂ ಸಿಕ್ಕೀತು.